ಹಲಸಿನ ಮರದ ಮೇಲಿನ ಗೀರುಗಳು

ಯುಗಾದಿ ಕಳೆದು ಎರಡು ವಾರಕ್ಕೆ ತಮ್ಮ ಫೋನ್ ಮಾಡಿದ್ದ. ಅಡಿಕೆ ರೇಟು, ಆಯಿಯ ಮಂಡಿನೋವು, ಪಕ್ಕದ ಮನೆಯ ಮದುವೆ ಎಲ್ಲ ಮುಗಿದ ಮೇಲೆ, ಇನ್ನೇನು ಇಡಬೇಕು ಅನ್ನುವಾಗ ಹೇಳಿದ: "ಅಣ್ಣಾ, ಹಿತ್ತಲ ಬಕ್ಕೆ ಹಲಸಿನ ಬುಡ ಟೊಳ್ಳಾದಂಗೆ ಕಾಣ್ತು. ಮಳೆಗಾಲಕ್ಕೆ ಮುಂಚೆ ತೆಗಸವು. ಮನೆ ಮೇಲೆ ಬಿದ್ರೆ ಕಷ್ಟ."

ಆ ಮರದ ಮೇಲೆ ನನ್ನ ಬಾಲ್ಯದ ಲೆಕ್ಕವಿದೆ. ಪ್ರತಿ ಯುಗಾದಿಗೆ ಎಣ್ಣೆಸ್ನಾನ ಆದ ಮೇಲೆ ಅಪ್ಪಯ್ಯ ನನ್ನನ್ನೂ ತಮ್ಮನನ್ನೂ ಆ ಮರಕ್ಕೆ ಬೆನ್ನುಕೊಟ್ಟು ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಕತ್ತಿಯಿಟ್ಟು ಒಂದು ಗೀರು ಎಳೆಯುತ್ತಿದ್ದ. ಈ ಕಥೆಯನ್ನು ಹೆಂಡತಿಗೆ, ಮಗಳಿಗೆ, ಆಫೀಸಿನಲ್ಲಿ ಚಹಾ ಕುಡಿಯುವಾಗ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ಕೊನೆಗೊಂದು ಮಾತು ಸೇರಿಸುತ್ತಿದ್ದೆ: "ಮರ ಬೆಳೆದು ಬೆಳೆದು, ನನ್ನ ಗೀರು ಈಗ ಹಂಚಿನ ಮಾಡಿಗಿಂತ ಮೇಲೆ ಹೋಗಿರತ್ತೆ."

ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿ ಮನೆಯಲ್ಲಿ ಕೂತಿದ್ದಳು. "ಅಪ್ಪಾ, ಹಾಗೆ ಹೋಗಲ್ಲ. ಮರ ಉದ್ದ ಆಗೋದು ತುದಿಯಲ್ಲಿ ಮಾತ್ರ. ಕಾಂಡ ದಪ್ಪ ಆಗತ್ತೆ ಅಷ್ಟೆ. ನಿನ್ನ ಗೀರು ಎಲ್ಲಿ ಹಾಕಿದ್ರೋ ಅಲ್ಲೇ ಇರತ್ತೆ." ನಾನು ಒಪ್ಪಲಿಲ್ಲ. ನೋಡಿಯೇ ಬಿಡೋಣ ಎಂದು ಕಾರು ತೆಗೆದೆವು. ಹೇಗೂ ಹೋಗುತ್ತಿದ್ದೇವೆ, ದಾರಿಯಲ್ಲಿ ಇನ್ನು ನಾಲ್ಕು ಮರ ನೋಡಿಕೊಂಡು ಹೋಗೋಣ ಎಂದದ್ದು ಅವಳು. ಹೆಂಡತಿಗೆ ರಜೆ ಸಿಗಲಿಲ್ಲ. ಚಕ್ಕುಲಿ ಡಬ್ಬಿ ಕೊಟ್ಟು ಕಳಿಸಿದಳು.

ಮೊದಲ ದಿನ: ಕೇತೋಹಳ್ಳಿ, ಹುಲಿಕಲ್

ಬೆಂಗಳೂರಲ್ಲಿ ಇಪ್ಪತ್ತು ವರ್ಷ ಇದ್ದೂ ದೊಡ್ಡ ಆಲದ ಮರಕ್ಕೆ ಹೋಗಿದ್ದು ಒಂದೇ ಸಲ, ಅದೂ ಆಫೀಸಿನ ಪಿಕ್‌ನಿಕ್ಕಿಗೆ. ಮೈಸೂರು ರಸ್ತೆ ಬಿಟ್ಟು ರಾಮೋಹಳ್ಳಿ ಕಡೆ ತಿರುಗಿದಾಗ ಇನ್ನೂ ಏಳು ಗಂಟೆ. ಸುಮಾರು 400 ವರ್ಷದ ಮರ, 3 ಎಕರೆ ಹರಡಿದೆ. ಒಳಗೆ ಕಾಲಿಟ್ಟರೆ ಒಂದು ಮರ ನೋಡಿದ ಹಾಗೆ ಆಗುವುದೇ ಇಲ್ಲ. ತೋಪಿನೊಳಗೆ ಹೊಕ್ಕ ಹಾಗೆ. ಎಲ್ಲಿ ನೋಡಿದರೂ ಕಂಬದಂತೆ ನೆಲ ಹೊಕ್ಕ ಬಿಳಲು.

"ಮೂಲ ಮರ ಯಾವುದು?" ಅಂತ ಮಗಳು ಕಡಲೆಕಾಯಿ ಮಾರುತ್ತಿದ್ದ ಅಜ್ಜಿಯನ್ನು ಕೇಳಿದಳು. ಅಜ್ಜಿಗೆ ದಿನಕ್ಕೆ ಐವತ್ತು ಸಲ ಈ ಪ್ರಶ್ನೆ ಬರುತ್ತಿರಬೇಕು. ತಲೆ ಎತ್ತದೆಯೇ, "ಅದಿಲ್ಲ ಕಣವ್ವ, ಹೋಯ್ತು. ಇವೆಲ್ಲ ಅದ್ರ ಬಿಳ್ಲು," ಎಂದಳು. ನಿಜ. ಮೂಲದ ಕಾಂಡ ರೋಗ ಬಂದು ಸತ್ತು ವರ್ಷಗಳಾದವು. ಅದು ಸಾಯುವುದರೊಳಗೆ ಬಿಳಲುಗಳು ಒಂದೊಂದೂ ಕಾಂಡವೇ ಆಗಿದ್ದವು, ಹಾಗಾಗಿ ಮೇಲೆ ಯಾರಿಗೂ ಏನೂ ಗೊತ್ತಾಗಲಿಲ್ಲ. ನಾವು ನಡುವೆ ನಿಂತು ಇಲ್ಲದ ಮರವನ್ನು ನೋಡುತ್ತಿದ್ದೆವು. ಆಗ ಕೋತಿಯೊಂದು ಬಂದು ಮಗಳ ಕೈಯಿಂದ ಚಕ್ಕುಲಿ ಕಿತ್ತುಕೊಂಡು ಬಿಳಲು ಹತ್ತಿತು. ಕೈಗೆಟುಕುವಷ್ಟು ಎತ್ತರದವರೆಗೆ ತೊಗಟೆಯ ತುಂಬ ಹೆಸರುಗಳು, ನಡುವೆ ಬಾಣ ಚುಚ್ಚಿದ ಹೃದಯಗಳು. ನಾನು ಬೈಯಲು ಬಾಯಿ ತೆರೆದೆ. "ನಿಮ್ಮಪ್ಪನೂ ಅದನ್ನೇ ಅಲ್ವಾ ಮಾಡಿದ್ದು?" ಎಂದು ಮಗಳು ಸುಮ್ಮನಾಗಿಸಿದಳು.

ಮಾಗಡಿಯಲ್ಲಿ ತಟ್ಟೆ ಇಡ್ಲಿ ತಿಂದು ಕುದೂರು ಕಡೆ ಹೊರಟೆವು. ಏಪ್ರಿಲ್ ಬಿಸಿಲು ಹತ್ತಕ್ಕೇ ಮುಖಕ್ಕೆ ಹೊಡೆಯುತ್ತಿತ್ತು. ಹುಲಿಕಲ್ ದಾಟಿ ಆ ಸಾಲು ಶುರುವಾದ ಕೂಡಲೇ ಎಸಿ ಆರಿಸಿ ಕಿಟಕಿ ಇಳಿಸಿದೆವು. ರಸ್ತೆಯ ಎರಡೂ ಬದಿಯ ಆಲಗಳು ಮೇಲೆ ಹೋಗಿ ಒಂದಕ್ಕೊಂದು ಕೈ ಕೊಟ್ಟಿವೆ. ಮಗಳು ಎಣಿಸಲು ಶುರು ಮಾಡಿದಳು. ನೂರ ನಲವತ್ತರ ಹತ್ತಿರ ಎದುರಿಗೆ ಬಂದ ಲಾರಿಯೊಂದು ಲೆಕ್ಕ ತಪ್ಪಿಸಿತು. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಹುಲಿಕಲ್‌ನಿಂದ ಕುದೂರಿನವರೆಗೆ ನಾಲ್ಕು ಕಿಲೋಮೀಟರಿನುದ್ದಕ್ಕೆ ನೆಟ್ಟು ಬೆಳೆಸಿದ್ದು 385 ಆಲ.

ಮಕ್ಕಳಿಲ್ಲದವರು ಮರಗಳನ್ನೇ ಮಕ್ಕಳೆಂದು ಸಾಕಿದರು ಎಂಬ ವಾಕ್ಯವನ್ನು ಎಷ್ಟು ಭಾಷಣಗಳಲ್ಲಿ ಕೇಳಿದ್ದೇವೆಂದರೆ ಅದು ಈಗ ಕಿವಿಗೆ ತಾಗುವುದೇ ಇಲ್ಲ. ಆ ರಸ್ತೆಯಲ್ಲಿ ಇಳಿದು ನಡೆದಾಗ ನನಗೆ ತಾಗಿದ್ದು ನೀರಿನ ಲೆಕ್ಕ. ಮೊದಲ ವರ್ಷ 10 ಸಸಿ, ಮರುವರ್ಷ 15, ಆಮೇಲೆ 20. ಒಂದೇ ಸಲ ನೂರು ನೆಟ್ಟು ಫೋಟೋ ತೆಗೆಸಿಕೊಳ್ಳುವ ನಮ್ಮ ವನಮಹೋತ್ಸವದ ಲೆಕ್ಕವಲ್ಲ ಇದು. ಎಷ್ಟಕ್ಕೆ ನೀರು ಹೊರಬಲ್ಲೆವೋ ಅಷ್ಟೇ ನೆಡುವ ಕೂಲಿಯವರ ಲೆಕ್ಕ. ಮಳೆಗಾಲದಲ್ಲಿ ನೆಡುವುದು, ದನ ತಿನ್ನದ ಹಾಗೆ ಮುಳ್ಳು ಕಟ್ಟುವುದು, ಕೊಡಗಳಲ್ಲಿ ನೀರು ಹೊತ್ತು ಹಾಕುವುದು. ಹಗಲು ಕೂಲಿ ಮಾಡಿ ಬಂದವರು. ನಾನು ಬರಿಗೈಯಲ್ಲಿ ಅರ್ಧ ಕಿಲೋಮೀಟರು ನಡೆದು ಒಂದು ಬೊಡ್ಡೆಗೆ ಒರಗಿ ಕೂತೆ.

2019ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ತಿಮ್ಮಕ್ಕ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಹಣೆ ಮುಟ್ಟಿ ಹರಸಿದ್ದನ್ನು ಟೀವಿಯಲ್ಲಿ ನೋಡಿ ಆಯಿ ಕಣ್ಣೊರೆಸಿಕೊಂಡಿದ್ದಳು. ಅದೇ ವರ್ಷ ರಸ್ತೆ ಅಗಲ ಮಾಡುವ ಯೋಜನೆ ಈ ಸಾಲಿನ ಹತ್ತಿರಕ್ಕೂ ಬಂದಿತ್ತು. ಮರ ಉಳಿಸಿ ಎಂದು ಅವರೇ ಹೋಗಿ ಕೇಳಬೇಕಾಯಿತು. 2025ರ ನವೆಂಬರ್ 14ರಂದು, 114ನೇ ವಯಸ್ಸಿನಲ್ಲಿ ಅವರು ಹೋದರು. ನಾವು ಕೂತ ಕಡೆ ಒಬ್ಬ ಕುರಿ ಕಾಯುವ ಹುಡುಗ ಟವೆಲ್ ಹಾಸಿಕೊಂಡು ಗಾಢ ನಿದ್ದೆಯಲ್ಲಿದ್ದ. ಅವನ ಕುರಿಗಳು ಬಿದ್ದ ಆಲದ ಹಣ್ಣು ತಿನ್ನುತ್ತಿದ್ದವು.

ಆಮೇಲೆ ಹೆದ್ದಾರಿ. ಶಿರಾ ಹತ್ತಿರ ಟೈರು ಪಂಕ್ಚರ್. ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ಎಸಿ ಓಡದ ಲಾಡ್ಜು, ನಿದ್ದೆ.

ಎರಡನೇ ದಿನ: ಸವಣೂರು

ಹಾವೇರಿಯಿಂದ ಸವಣೂರಿಗೆ ಹೋಗಿದ್ದು ದೊಡ್ಡ ಹುಣಸೆ ನೋಡಲಿಕ್ಕೆ. ಹೆಸರು ಹುಣಸೆ, ಕುಲ ಮಾತ್ರ ಬೂರುಗದ್ದು. ಹಣ್ಣಿನ ತಿರುಳು ಹುಳಿಯಾಗಿರುವುದಕ್ಕೆ ಆ ಹೆಸರು. ಆಫ್ರಿಕಾ ಮೂಲದ ಬಾವೊಬಾಬ್. ಇಲ್ಲಿನ ಕಲ್ಮಠದ ಅಂಗಳದಲ್ಲಿ ಇಂಥ ಮೂರು ಮರ. ಮಠದ ಕಥೆಯಲ್ಲಿ ಮಾತ್ರ ಈ ಮೂರರ ಸಸಿಗಳನ್ನು ತಂದು ನೆಟ್ಟವನು ಕೃಷ್ಣ.

ಅಂಗಳಕ್ಕೆ ಹೋದಾಗ ಹಿರಿಯರೊಬ್ಬರು ಕಸ ಗುಡಿಸುತ್ತಿದ್ದರು. "ಬರ್ರಿ, ಎಲ್ಲಿಂದ ಬಂದೀರಿ? ಮುಟ್ಟಿ ನೋಡ್ರಿ, ಆನಿ ಮೈ ಇದ್ದಂಗ ಐತಿ." ಮುಟ್ಟಿದೆ. ನಿಜಕ್ಕೂ ಆನೆಯ ಮೈಯೇ: ಬೂದು ಬಣ್ಣ, ಅಲ್ಲಲ್ಲಿ ಸುಕ್ಕು, ಮಡಿಕೆ, ಒಳಗೆಲ್ಲೋ ತಂಪು. ಬೇಸಗೆಗೆ ಎಲೆಯೆಲ್ಲ ಉದುರಿ ಕೊಂಬೆಗಳು ಬರಿದಾಗಿದ್ದವು, ಬೇರನ್ನೇ ಮೇಲೆ ಮಾಡಿ ನೆಟ್ಟ ಹಾಗೆ. ಮರವೆಂದರೆ ಗಟ್ಟಿ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದು ಮೆತ್ತನೆಯ ಮರ. ಒಡಲಲ್ಲಿ ನೀರು ತುಂಬಿಕೊಂಡು ಬರಗಾಲ ದಾಟುತ್ತದೆ. ಬಾಗಿಲಿಗೂ ಆಗದು, ತೊಲೆಗೂ ಆಗದು. ಕಡಿದರೆ ಏನೂ ಲಾಭವಿಲ್ಲದ್ದೇ ಇದು ಇಷ್ಟು ದಿನ ಉಳಿಯಲು ಕಾರಣ ಇದ್ದೀತು ಎಂದು ನನ್ನ ಊಹೆ. ಅದನ್ನು ಆ ಹಿರಿಯರ ಮುಂದೆ ಹೇಳುವ ಧೈರ್ಯ ಬರಲಿಲ್ಲ.

2023ರ ಜುಲೈ ಮಳೆಯಲ್ಲಿ ಮೂರರಲ್ಲಿ ಒಂದು ಉರುಳಿಬಿತ್ತು. ಬಿದ್ದದ್ದನ್ನು ಕಡಿದು ಸಾಗಿಸಲಿಲ್ಲ. ಕೊಂಬೆ ಸವರಿ, ಎತ್ತಿ ಮತ್ತೆ ನೆಟ್ಟರು, ಅದು ಚಿಗುರಿತು.

"ಅಷ್ಟು ದೊಡ್ಡ ಮರಾನ ಎತ್ತಿ ನಿಲ್ಲಸೂದು ಹುಡುಗಾಟ ಅಲ್ಲರಿ," ಎಂದರು ಅವರು. "ಜನ ಕೇಳ್ತಿದ್ರು, ಯಾಕ ಇಷ್ಟ ತ್ರಾಸ ತಗೋತೀರಿ, ಎರಡು ಅದಾವಲ್ಲ ಅಂತ. ಮೂರು ಮರ ಅಂತ ಹೇಳ್ಕೋತ ಬಂದೀವಿ. ಎರಡಾದ್ರ ಕಥಿ ಹೆಂಗ ಹೇಳೂದ್ರಿ?"

ನನಗೆ ಹಿತ್ತಲಿನ ಹಲಸು ನೆನಪಾಯಿತು. ತಮ್ಮ "ತೆಗಸವು" ಅಂದಾಗ ನನಗೆ ಮೊದಲು ಹೊಳೆದದ್ದೂ ಅದೇ ಅಲ್ಲವೇ? ಮರದ ಚಿಂತೆಗಿಂತ, ಇನ್ನು ಮುಂದೆ ಆ ಕಥೆಯನ್ನು ಏನು ತೋರಿಸಿ ಹೇಳಲಿ ಎಂಬ ಚಿಂತೆ.

ಪೇಟೆಯಲ್ಲಿ ಅರ್ಧ ಕೇಜಿ ಸವಣೂರು ಖಾರಾ, ಆಯಿಯ ಕವಳಕ್ಕೆ ನೂರು ಎಲೆ. ಸವಣೂರಿನ ಎಲೆ ಎಂದರೆ ಅವಳು ನನ್ನ ಮುಖ ನೋಡುವ ಮೊದಲೇ ಚೀಲ ನೋಡುತ್ತಾಳೆ. ಒದ್ದೆ ಬಟ್ಟೆ ಸುತ್ತಿ ಹಿಂದಿನ ಸೀಟಿನಲ್ಲಿಟ್ಟೆವು. ಹಾವೇರಿಗೆ ವಾಪಸು ಬಂದು ಅಕ್ಕಿಆಲೂರು ದಾಟಿ ಶಿರಸಿ ದಾರಿ ಹಿಡಿದೆವು. ಗದ್ದೆ ಬಯಲು ಮುಗಿದು ಕಾಡು ಶುರುವಾಗುವ ತಿರುವಿನಲ್ಲಿ ಗಾಳಿಯ ವಾಸನೆಯೇ ಬೇರೆ. ಮಗಳು ಮಲಗಿದ್ದಳು, ಎಬ್ಬಿಸಿ ಹೇಳಬೇಕೆನ್ನಿಸಿತು, ಎಬ್ಬಿಸಲಿಲ್ಲ.

ಮನೆ ಮುಟ್ಟಿದಾಗ ಕತ್ತಲೆ. "ಬಂದ್ಯಾ ಮಾಣಿ? ಕೂಸು ಎಷ್ಟು ಎತ್ತರ ಆಜು! ಆಸ್ರಿಗೆ ಎಂತಾ ಬೇಕು?" ಆಯಿಯ ಮೂರೂ ಪ್ರಶ್ನೆ ಒಂದೇ ಉಸಿರಿಗೆ. ಅಪ್ಪೆಹುಳಿ ಮಾಡಿದ್ದಳು. ಎರಡು ಲೋಟ ಕುಡಿದು ಮಲಗಿದೆ. ಅಪ್ಪೆಮಿಡಿಯ ಕಾಲದಲ್ಲಿ ಊರಿಗೆ ಬಂದರೆ ನಿದ್ದೆಗೆ ಬೇರೆ ಔಷಧ ಬೇಡ.

ಮೂರನೇ ದಿನ: ಹಿತ್ತಲು

ಬೆಳಿಗ್ಗೆ ಎದ್ದವನು ಹಲ್ಲುಜ್ಜುತ್ತಲೇ ಹಿತ್ತಲಿಗೆ ಹೋದೆ. ಮಾಡಿನ ಮಟ್ಟಕ್ಕೆ ಕತ್ತೆತ್ತಿ ನೋಡಿದೆ. ಏನೂ ಇಲ್ಲ. ಕಲ್ಲುಹೂವು, ಸಾಲುಗಟ್ಟಿದ ಇರುವೆ, ಕಾಂಡಕ್ಕೇ ಅಂಟಿಕೊಂಡ ಎಳೆಗಾಯಿಗಳ ಗೊಂಚಲು. "ಅಪ್ಪಾ, ಇಲ್ಲಿ," ಎಂದಳು ಹಿಂದೆ ಬಂದ ಮಗಳು. ನನ್ನ ಸೊಂಟದ ಹತ್ತಿರ ತೋರಿಸಿದಳು.

ಅಲ್ಲೇ ಇದ್ದವು. ಎಂಟು ಗೀರುಗಳು. ಗೀರು ಅನ್ನುವುದಕ್ಕಿಂತ ತುಟಿಗಳು ಅನ್ನಬೇಕು: ಕತ್ತಿಯ ಗಾಯದ ಎರಡೂ ಅಂಚು ದಪ್ಪಗೆ ಉಬ್ಬಿ, ಮರ ಅಗಲವಾದ ಹಾಗೆ ತಾವೂ ಎರಡು ಕಡೆಗೆ ಎಳೆದುಕೊಂಡು, ನಗುವ ಬಾಯಿಗಳಂತೆ ಚಾಚಿಕೊಂಡಿದ್ದವು. ಒಂದರೊಳಗೆ ಬೆರಳಿಟ್ಟೆ. ಮೊದಲ ಗೆಣ್ಣಿನವರೆಗೆ ಒಳಗೆ ಹೋಯಿತು. ಸಿಪ್ಪೆಯ ಕೆಳಗೆ ಮರ ಪ್ರತಿವರ್ಷ ಹೊಸದಾಗಿ ತುಂಬಿಕೊಂಡು ಗಾಯವನ್ನು ಒಳಕ್ಕೆ ನುಂಗುತ್ತಾ ಬಂದಿದೆ. ಮಗಳು ಗೆದ್ದಳು. ಗೆದ್ದದ್ದಕ್ಕೆ ಕುಣಿಯುತ್ತಾ ಅಜ್ಜಿಯ ಹೊಲಿಗೆ ಡಬ್ಬಿಯಿಂದ ಟೇಪು ತಂದು ನೆಲದಿಂದ ಅಳೆಯತೊಡಗಿದಳು: ಎರಡಡಿ ಎರಡಿಂಚು, ಎರಡಡಿ ಒಂಬತ್ತು, ಮೂರಡಿ ಐದು...

"ಇದೇನಪ್ಪಾ, ಈ ಎರಡು ಓರೆ ಇದೆ? ನೀನು ವಾಲಿಕೊಂಡು ನಿಂತಿದ್ಯಾ?"

ಆಯಿ ಜಗಲಿಯ ಮೇಲೆ ಹಪ್ಪಳದ ಗಡಿಬಿಡಿಯಲ್ಲಿದ್ದಳು. ಬೇಯಿಸಿ ಬೀಸಿದ ಸೊಳೆಯ ಹಿಟ್ಟನ್ನು ಲಿಂಬೆಗಾತ್ರ ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು, ಮಣೆಯಿಂದ ಒಂದೇ ಒತ್ತು. ಆ ಒತ್ತಿಗೆ ಉಂಡೆ ದುಂಡಗೆ ಹರಡುವುದನ್ನು ನೋಡಲು ನಾವು ಚಿಕ್ಕವರಿದ್ದಾಗ ಜಗಳ ಮಾಡುತ್ತಿದ್ದೆವು. ಹಪ್ಪಳವನ್ನು ಚಾಪೆಯ ಮೇಲೆ ಬಿಡಿಸಿಟ್ಟು ಆಯಿ ತಲೆಯೆತ್ತಿದಳು.

"ಎಂತಾ ಅಳೀತಾ ಇದ್ದಿ?"

"ನಮ್ಮ ಎತ್ತರದ ಗೀರು. ಅಪ್ಪಯ್ಯ ಯುಗಾದಿಗೆ ಹಾಕ್ತಿದ್ದಿದ್ದು."

ಆಯಿ ನಕ್ಕ ನಗೆಗೆ ಕೈಯಲ್ಲಿದ್ದ ಉಂಡೆ ಕೆಳಗೆ ಬಿತ್ತು. "ಅದು ನಿಂಗ್ಳ ಎತ್ತರ ಅಲ್ದೋ ಮಾರಾಯಾ! ಮರ ಕಾಯಿ ಬಿಡ್ತಿತ್ತಿಲ್ಲೆ ಹೇಳಿ ನಿನ್ನ ಅಜ್ಜ ಕಚ್ಚು ಹಾಕಿದ್ದು."

ಕಾಯಿ ಬಿಡದ ಹಲಸಿಗೆ ಕತ್ತಿಯಲ್ಲಿ ಕಚ್ಚು ಹಾಕಿದರೆ ಹೆದರಿ ಕಾಯಿ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ನಮ್ಮ ಮರದ ಬಗ್ಗೆ ಮಾತ್ರ ಹೊಳೆದಿರಲಿಲ್ಲ. ನಲವತ್ತೇಳು ವರ್ಷದವನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತುಬಿಟ್ಟೆ.

"ಹಾಂಗಾರೆ ಯುಗಾದಿಗೆ ನಮ್ಮನ್ನ ನಿಲ್ಲಿಸ್ತಿದ್ದಿದ್ದು?"

"ಯಾವ ಯುಗಾದಿ? ಒಂದೇ ಸಲ ನಿಲ್ಸಿದ್ದು, ಅದೂ ನಿನ್ನ ಒಬ್ಬನ್ನೇ." ಆಯಿ ಎಣ್ಣೆ ಕೈ ಸೀರೆಗೆ ತಾಗದ ಹಾಗೆ ಮೊಣಕೈಯಲ್ಲಿ ಹಣೆಯ ಕೂದಲು ಸರಿಸಿದಳು. "ನಿಂಗೆ ಆರು ವರ್ಷ. ಟೈಫಾಯ್ಡ್ ಬಂದು ತಿಂಗಳೊಪ್ಪತ್ತು ಮಲಗಿದ್ದೆ. ಎದ್ದು ಹಿತ್ತಲಿಗೆ ನಡೆದು ಹೋದ ದಿವಸ ಅಪ್ಪಯ್ಯ ಕರ್ಕೊಂಡು ಹೋಗಿ ಅಲ್ಲಿ ನಿಲ್ಸಿದ. ದೀಪಾವಳಿ ಹಿಂದೆಮುಂದೆ ಇರವು. ಅಡಿಕೆ ಕೊಯ್ಲು ಶುರುವಾಗಿತ್ತು."

ಇದರಲ್ಲಿ ಒಂದಕ್ಷರವೂ ನನ್ನ ನೆನಪಿನಲ್ಲಿಲ್ಲ. ಎಣ್ಣೆಸ್ನಾನದ ಬಿಸಿ, ಬೇವುಬೆಲ್ಲ, ನೆತ್ತಿಗೆ ತಾಗಿದ ಕತ್ತಿಯ ತಂಪು, ಇವೆಲ್ಲ ಇವತ್ತಿಗೂ ಸ್ಪಷ್ಟ. ಜ್ವರ ಮಾತ್ರ ಇಲ್ಲ. ಇದ್ದ ಒಂದು ಗೀರನ್ನು ನಾನೇ ಎಂಟು ಮಾಡಿಕೊಂಡು, ಹಬ್ಬದ ಬಟ್ಟೆ ತೊಡಿಸಿ, ಇಷ್ಟು ವರ್ಷ ಊರೆಲ್ಲ ಹಂಚಿದ್ದೆ.

"ಎಂಟ್ರಲ್ಲಿ ಯಾವ್ದು ಅಜ್ಜೀ?" ಎಂದು ಮಗಳು ಕೇಳಿದಳು. ಆಯಿ ಎದ್ದು ಬಂದು ನೋಡಲಿಲ್ಲ. "ಕಚ್ಚು ಹಾಕುವವ ಓರೆ ಹೊಡೀತಾ. ಮಗನ ತಲೆ ಇಟ್ಕೊಂಡವ ನೇರ ಎಳೀತಾ. ನೋಡು, ನೇರ ಇದ್ದಿದ್ದು ಯಾವ್ದು."

ನೇರ ಇದ್ದದ್ದು ಒಂದೇ. ಮೂರಡಿ ಐದಿಂಚು.

ಅಷ್ಟರಲ್ಲಿ ತೋಟದಿಂದ ಬಂದ ತಮ್ಮನಿಗೂ ವಿಷಯ ಗೊತ್ತಾಯಿತು. "ನಂದು ಯಾವುದು ಹಾಂಗಾರೆ?" ಎಂದ. "ನಿಂದು ಎಂತದೂ ಇಲ್ಲೆ. ನೀ ಗುಂಡುಕಲ್ಲಿನಾಂಗೆ ಇದ್ದೆ," ಎಂದಳು ಆಯಿ. ಅವನು ಮಧ್ಯಾಹ್ನ ಊಟ ಮುಗಿಯುವವರೆಗೂ ಮುಖ ಊದಿಸಿಕೊಂಡಿದ್ದ. ನಲವತ್ಮೂರು ವರ್ಷ ಅವನಿಗೆ.

ತೇಗದ ಮರವಾಗಿದ್ದರೆ ಕಡಿದಾಗ ಉಂಗುರ ಎಣಿಸಿ ಯಾವ ಗಾಯ ಯಾವ ವರ್ಷದ್ದೆಂದು ಹೇಳಬಹುದಿತ್ತು. ಹಲಸಿನಲ್ಲಿ ಉಂಗುರ ಅಷ್ಟು ಸ್ಪಷ್ಟ ಇರುವುದಿಲ್ಲ. ಹಳದಿ ತಿರುಳು ಸಿಗುತ್ತದೆ, ವೀಣೆಗೋ ಮೃದಂಗಕ್ಕೋ ಆಗುತ್ತದೆ. ನಮ್ಮ ಮರದ ಮಟ್ಟಿಗೆ ತಾರೀಕು ಇರುವುದು ಆಯಿಯ ಬಾಯಲ್ಲಿ ಮಾತ್ರ.

ನಾಲ್ಕನೇ ದಿನ: ಸಾಲ್ಕಣಿ

ಮರ ನೋಡಬೇಕಾದ ಕೊನೆಗೌಡ ಮಾರನೇ ದಿನ ಬರುತ್ತೇನೆಂದ. ಅಡಿಕೆ ಕೊನೆ ಇಳಿಸುವುದು ಅವನ ಕಸುಬು. ಉಳಿದ ದಿನ ಊರವರ ಹರೆ ಕಡಿಯುವುದೂ ಅವನೇ. ಒಂದು ದಿನ ಖಾಲಿ ಸಿಕ್ಕಿತಲ್ಲ, ಮಗಳನ್ನು ಸಾಲ್ಕಣಿ ಕಡೆ ಕರೆದುಕೊಂಡು ಹೋದೆ. ಅಪ್ಪಿಕೊ ಚಳವಳಿ ಶುರುವಾದ ಊರು, 1983ರ ಸೆಪ್ಟೆಂಬರ್ 8. ಅರಣ್ಯ ಇಲಾಖೆ ಗುರುತು ಹಾಕಿದ ಮರಗಳನ್ನು ಗುತ್ತಿಗೆದಾರರ ಆಳುಗಳು ಕಡಿಯುತ್ತಿದ್ದಾಗ ಊರಿನ ಗಂಡಸರು ಹೆಂಗಸರು ಕಾಡಿಗೆ ನಡೆದು ಹೋಗಿ ಮರಗಳನ್ನು ತಬ್ಬಿಕೊಂಡು ನಿಂತರು.

ಅವರಿಗೆ ಅದು ಪರಿಸರ ಪ್ರೇಮ ಎಂಬ ಹೆಸರಿನ ಸಂಗತಿ ಆಗಿರಲಿಲ್ಲ, ಬದುಕಿನ ಲೆಕ್ಕವಾಗಿತ್ತು. ನಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಎಂಬ ರೂಢಿ. ಕಾಡು ಹೋದರೆ ಸೊಪ್ಪು ಇಲ್ಲ, ಸೊಪ್ಪಿಲ್ಲದೆ ಗೊಬ್ಬರ ಇಲ್ಲ, ಆಮೇಲೆ ಹೊಳೆಯೂ ಇಲ್ಲ. "ಉಳಿಸು, ಬೆಳೆಸು, ಬಳಸು" ಎಂಬುದು ಆಗಿನ ಘೋಷಣೆ. ಕೊನೆಯ ಶಬ್ದವನ್ನು ಗಮನಿಸಬೇಕು. ಮುಟ್ಟಲೇಬೇಡಿ ಎಂದವರಲ್ಲ ಅವರು.

ಕಡಿಯಬೇಕಾದ ಮರಕ್ಕೆ ಇಲಾಖೆ ಹಾಕುವ ಸುತ್ತಿಗೆಯ ಗುರುತು ಬಿದ್ದರೆ ಮರದ ಆಯುಷ್ಯ ಮುಗಿಯಿತು. ಅದನ್ನು ಕೇಳಿ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಜ್ಜನೂ ಬಂದಿದ್ರಾ ಆಗ?" ಎಂದಳು. ನಿನ್ನೆಯ ಪೆಟ್ಟು ಇನ್ನೂ ಹಸಿ ಇತ್ತು. ಸಂಜೆ ಆಯಿಯನ್ನು ಕೇಳಿಯೇ ಉತ್ತರ ಕೊಟ್ಟೆ: ಇಲ್ಲ, ಬಂದಿರಲಿಲ್ಲ. ಆ ಮಳೆಗಾಲ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸುವ ಗಡಿಬಿಡಿಯಲ್ಲಿದ್ದನಂತೆ.

ಐದನೇ ದಿನ: ಕೊನೆಗೌಡ

ಎಂಟು ಗಂಟೆಗೆ ಬಂದ. ಆಯಿ ಕೊಟ್ಟ ಕವಳ ಹಾಕಿಕೊಂಡು ಮರವನ್ನು ಒಂದು ಸುತ್ತು ಬಂದ. ಆಮೇಲೆ ಕತ್ತಿ ತಿರುಗಿಸಿ ಹಿಡಿದು, ಅದರ ಬೆನ್ನಿನಿಂದ ಕಾಂಡವನ್ನು ಬುಡದಿಂದ ಮೇಲಕ್ಕೆ ತಟ್ಟುತ್ತಾ ಹೋದ. ನಾವೆಲ್ಲ ಡಾಕ್ಟರ ಮುಂದೆ ನಿಂತ ಹಾಗೆ ಉಸಿರು ಬಿಗಿಹಿಡಿದಿದ್ದೆವು. ಮೂಡಣ ಕಡೆ ಮೊಣಕಾಲ ಮಟ್ಟದವರೆಗೆ ಡಬ್ ಡಬ್ ಎಂದು ಪೊಳ್ಳು ಸದ್ದು. ಅದರ ಮೇಲೆ ಟಣ್ ಎಂದಿತು. ಮತ್ತೊಂದು ಬದಿಗೆ ಬಂದ: ಟಣ್, ಟಣ್. ನೇರ ಗೀರಿನ ಮೇಲೂ ತಟ್ಟಿದ. ಅವನಿಗೆ ಅದೂ ಒಂದು ಜಾಗ ಅಷ್ಟೆ.

"ಒಡೇರೆ, ಮರ ಈಗಲೇ ಬೀಳೂದಲ್ಲ," ಎಂದ ತಮ್ಮನಿಗೆ. "ಮನಿ ಬದಿ ಹರೆ ಭಾರ ಆಗಿದೆ, ಅದೊಂದು ತೆಗೀತೆ. ಬುಡಕ್ಕೆ ನೀರು ನಿಲ್ಲದ ಹಾಂಗೆ ಮಾಡಿ. ಮುಂದಿನ ವರ್ಷ ಮತ್ತೆ ನೋಡ್ವ."

ತಮ್ಮನ ಮುಖದಲ್ಲಿ ಎರಡು ಭಾವ ಒಟ್ಟಿಗೆ. ಗಾಳಿಮಳೆಯ ರಾತ್ರಿ ಎದ್ದು ಕೂರುವವನು ಅವನು. ವರ್ಷಕ್ಕೆರಡು ಸಲ ಬಂದು ಗೀರು ಅಳೆಯುವವನು ನಾನು. ನಾನು ಬಾಯಿ ಹಾಕಲಿಲ್ಲ. "ಆತು, ಹರೆ ತೆಗಿ," ಎಂದ ಅವನು.

ಹಗ್ಗ ಕಟ್ಟಿ, ಕೆಳಗಿನಿಂದ ನಾಲ್ಕು ಜನ ಎಳೆದು ಹಿಡಿದು, ತುಂಡು ತುಂಡಾಗಿ ಇಳಿಸಿದರು. ಆದರೂ ಕೊನೆಯದು ಕೈಮೀರಿ ಕೊಟ್ಟಿಗೆ ಮಾಡಿಗೆ ಬಡಿದು ಆರು ಹಂಚು ಹೋಯಿತು. ಕಡಿದ ಜಾಗದಿಂದ ಬಿಳಿ ಮೇಣ ಇಳಿದು ಕಾಂಡದ ಮೇಲೆ ಗೆರೆ ಬಿಡುತ್ತಾ ಬಂತು. ಕೊನೆಗೌಡ ಕೆಳಗಿಳಿದವನು ಎಣ್ಣೆ ಕೇಳಿ ಕೈ ತಿಕ್ಕಿಕೊಂಡ.

ಆಯಿ ಹಂಚಿನ ಕಡೆ ನೋಡಲೇ ಇಲ್ಲ. ಮಂಡಿನೋವು ಮರೆತು ಬಿದ್ದ ಹರೆಗಳ ನಡುವೆ ಬಗ್ಗಿ ಎಳೆಗಾಯಿ ಆರಿಸುತ್ತಿದ್ದಳು. ಮಗಳು ಹಿಂದೆ ಹಿಂದೆ ಬುಟ್ಟಿ ಹಿಡಿದು ನಡೆದಳು. "ಹದಿನಾಲ್ಕು," ಎಂದು ಅಜ್ಜಿಗೆ ಲೆಕ್ಕ ಒಪ್ಪಿಸಿದಳು.

"ಎರಡು ಕೊನೆಗೌಡಂಗೆ. ಎರಡು ಇವತ್ತಿಗೆ ಹುಳಿಗೆ. ಒಂದು ಮೇಲಿನಮನೆಗೆ ಕೊಡವು, ಇಲ್ದಿದ್ರೆ ಮಾತಾಡ್ತ," ಎಂದಳು ಆಯಿ. "ಉಳಿದಿದ್ದು ಕಾರಿಗೆ ಹಾಕು. ಕೆಳಗೆ ಗೋಣಿ ಹಾಸು ಮಾಣಿ, ಮೇಣ ಹತ್ತಿರೆ ಹೋಗ್ತಿಲ್ಲೆ."